ಸೋದರಮಾವನ ಮನೆಯ ಬಿರುಕು

ಕಚೇರಿಯಲ್ಲಿ ಆಕೆಯನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಹದ್ದಮ್ಮ. ಆ ಅಡ್ಡಹೆಸರು ಕಿವಿಗೆ ಬಿದ್ದಾಗಲೂ ಆಕೆ ಬೇಸರಪಟ್ಟುಕೊಂಡವಳಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು. ಮನೆಗಳಿಗೆ ಬೆಲೆ ಕಟ್ಟುವುದು ಅವಳ ಕೆಲಸ. ಬ್ಯಾಂಕುಗಳು ವಿಳಾಸ ಕೊಟ್ಟು ಕಳಿಸುತ್ತಿದ್ದ ಮನೆಗಳಲ್ಲಿ ಎಷ್ಟೋ ಮನೆಗಳ ಒಳಗೆ ಕಾಲಿಡುವಂತಿರಲಿಲ್ಲ. ಮನೆಯವರು ಬಿಡುತ್ತಿರಲಿಲ್ಲ, ಇಲ್ಲವೇ ಬೆಲೆ ಕಟ್ಟಿಸುತ್ತಿರುವ ಸಂಗತಿಯೇ ಅವರಿಗೆ ಗೊತ್ತಾಗಬಾರದಾಗಿತ್ತು. ಅಂಥ ಮನೆಗಳನ್ನು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಬೇಕು, ನಾಲ್ಕು ಫೋಟೋ ತೆಗೆಯಬೇಕು, ಹೊರಗೆ ಕಂಡದ್ದರಿಂದ ಒಳಗಿನದನ್ನು ಅಂದಾಜು ಮಾಡಿ ಬರೆಯಬೇಕು. ಆ ಕೆಲಸದಲ್ಲಿ ಹದ್ದಮ್ಮನ ಸಮಕ್ಕೆ ಯಾರೂ ಇರಲಿಲ್ಲ.

ಅವಳ ಕಣ್ಣು ಮೊದಲು ತಾರಸಿಯ ಅಂಚಿಗೆ ಹೋಗುತ್ತಿತ್ತು. ಅಂಚು ನೆಟ್ಟಗಿದೆಯೋ, ನಡುವೆ ಜಗ್ಗಿದೆಯೋ. ಅಲ್ಲಿಂದ ಮಳೆನೀರಿನ ಪೈಪಿಗೆ, ಕಿಟಕಿಯ ಸಜ್ಜೆಯ ಕೆಳಗಿನ ಕಲೆಗೆ, ಗೋಡೆಯ ಬುಡದಲ್ಲಿ ಹೂವಿನಂತೆ ಅರಳಿದ ಬಿಳಿ ಉಪ್ಪಿಗೆ. ಒಮ್ಮೆ ಹೊಸ ಬಣ್ಣ ಬಳಿದು ಮದುಮಗಳಂತೆ ನಿಂತಿದ್ದ ಮನೆಯೊಂದರ ಮುಂಬಾಗಿಲ ಮೇಲಂಚನ್ನು, ವಾಲಿದ ಚೌಕಟ್ಟಿಗೆ ಸಿಕ್ಕಿಕೊಳ್ಳದಂತೆ, ಬಡಗಿ ಓರೆಯಾಗಿ ಹೆರೆದಿದ್ದನ್ನು ರಸ್ತೆಯಿಂದಲೇ ಕಂಡು, ಈ ಮನೆಯ ಎಡಗಡೆಯ ಪಾಯ ಕುಸಿಯುತ್ತಿದೆ ಎಂದು ಬರೆದುಬಿಟ್ಟಿದ್ದಳು. ಬ್ಯಾಂಕಿನವರು ನಗಾಡಿದರು. ಮೂರು ತಿಂಗಳಿಗೆ ಆ ಮನೆಯ ಎಡಗೋಡೆ ಬಾಯಿಬಿಟ್ಟಿತು. ಅಂದಿನಿಂದ ಕಚೇರಿಯ ಯಜಮಾನರು, ನೀನು ನಮ್ಮ ಬೀದಿಗೆ ಮಾತ್ರ ಬರಬೇಡಮ್ಮ, ನೀನು ಕತ್ತೆತ್ತಿದರೆ ಸಾಕು ಬೆಲೆ ಇಳಿಯುತ್ತೆ ಎಂದು ತಮಾಷೆ ಮಾಡುತ್ತಿದ್ದರು.

ಈ ವಿದ್ಯೆಯನ್ನು ಹದ್ದಮ್ಮ ಒಬ್ಬನಿಗೆ ಮಾತ್ರ ಪೂರ್ತಿಯಾಗಿ ಹೇಳಿಕೊಟ್ಟಿದ್ದಳು, ತಮ್ಮನಿಗೆ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ತಾಯಿ ತೀರಿಕೊಂಡಾಗ ಅವನಿಗೆ ಎಂಟು. ಅವನ ತಲೆ ಬಾಚಿದ್ದು, ಜ್ವರದಲ್ಲಿ ಒದ್ದೆ ಬಟ್ಟೆ ಹಾಕಿದ್ದು, ಪರೀಕ್ಷೆಯ ದಿನ ಬಸ್ಸಿನವರೆಗೆ ಓಡಿ ಪೆನ್ನು ಕೊಟ್ಟುಬಂದದ್ದು ಎಲ್ಲ ಅಕ್ಕನೇ. ಕಾಲೇಜಿನ ರಜೆಗಳಲ್ಲಿ ಅವನು ಅಕ್ಕನ ಸ್ಕೂಟರಿನ ಹಿಂದೆ ಕೂತು ಬೀದಿ ಬೀದಿ ಸುತ್ತಿದ್ದ. ಬಿರುಕುಗಳ ವಿಷಯವನ್ನಂತೂ ಅವಳು ಅವನಿಗೆ ಕಥೆಯಂತೆ ಹೇಳುತ್ತಿದ್ದಳು. ಗಾರೆ ಒಣಗಿ ಬಂದ ಬಿರುಕು ಜೇಡರ ಬಲೆಯ ಹಾಗೆ ಹರಡಿಕೊಳ್ಳುತ್ತೆ, ಅದಕ್ಕೆ ಹೆದರಬೇಕಿಲ್ಲ. ಪಾಯ ಕುಸಿದು ಬಂದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿಯುತ್ತೆ, ಒಂದು ತುದಿಯಲ್ಲಿ ಬೆರಳು ತೂರುವಷ್ಟು ಅಗಲ, ಇನ್ನೊಂದು ತುದಿಯಲ್ಲಿ ಕೂದಲೆಳೆ. ಅದನ್ನು ಕಂಡರೆ ಬೆಲೆಯನ್ನು ಅರ್ಧಕ್ಕೆ ಇಳಿಸು, ಕಣ್ಣುಮುಚ್ಚಿ ಇಳಿಸು. ತಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಆದರೆ ಈ ಕೆಲಸಕ್ಕೆ ಬರಲಿಲ್ಲ. ದೀಪಗಳ ಅಂಗಡಿ ಇಟ್ಟ, ಮದುವೆಯಾದ, ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ.

ಅವರ ಸೋದರಮಾವ ಗಡಿಯಾರ ರಿಪೇರಿ ಮಾಡುತ್ತಿದ್ದ ಒಂಟಿ ಮನುಷ್ಯ. ದುಡಿದದ್ದನ್ನೆಲ್ಲ ಹಾಕಿ ಎರಡಂತಸ್ತಿನ ಒಂದು ಮನೆ ಕಟ್ಟಿಸಿದ್ದ. ಕೈ ನಡುಗಲು ಶುರುವಾದ ಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು ಸೋದರಳಿಯನ ಮನೆಗೆ ಬಂದು ಸೇರಿಕೊಂಡ. ಅಲ್ಲೇ ಆರು ವರ್ಷ ಇದ್ದು ತೀರಿಕೊಂಡ. ಹದ್ದಮ್ಮ ಭಾನುವಾರ ಭಾನುವಾರ ಹೋಗಿ ಮಾತಾಡಿಸಿ, ಹಣ್ಣು ಕೊಟ್ಟು, ಸಂಜೆಯೊಳಗೆ ವಾಪಸಾಗುತ್ತಿದ್ದಳು. ಮಾವ ಬರೆದಿಟ್ಟ ಉಯಿಲಿನಲ್ಲಿ ಮನೆ ಇಬ್ಬರಿಗೂ ಸಮಪಾಲು ಎಂದಿತ್ತು.

ಅದಾಗಿ ಎರಡು ವರ್ಷ ಆ ಮನೆಯ ಮಾತೇ ಬರಲಿಲ್ಲ. ಬಾಡಿಗೆ ವಸೂಲಿ, ರಿಪೇರಿ ಎಲ್ಲವನ್ನೂ ತಮ್ಮನೇ ನೋಡಿಕೊಳ್ಳುತ್ತಿದ್ದ. ಒಂದು ದಿನ ಮಧ್ಯಾಹ್ನ ಅಕ್ಕನ ಮನೆಗೆ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮುಖ ಸಪ್ಪಗೆ ಮಾಡಿಕೊಂಡು ಕಷ್ಟ ತೋಡಿಕೊಂಡ. ಬಾಡಿಗೆದಾರ ಮನೆ ಬಿಡುತ್ತಿಲ್ಲ, ಕೋರ್ಟಿಗೆ ಹೋಗಿದ್ದಾನೆ. ಮನೆ ನೋಡಿದರೆ ದಿನದಿನಕ್ಕೆ ಹಾಳಾಗುತ್ತಿದೆ. ಯಾರೂ ಕೊಳ್ಳುವವರಿಲ್ಲ. ಕೊನೆಗೆ, ತಾನೇ ಅದನ್ನು ಇಟ್ಟುಕೊಳ್ಳುವುದಾಗಿಯೂ ಅಕ್ಕನ ಪಾಲಿಗೆ ಬರುವುದನ್ನು ಕೊಟ್ಟುಬಿಡುವುದಾಗಿಯೂ ಹೇಳಿದ.

"ಬೆಲೆ ನೀನೇ ಕಟ್ಟು ಅಕ್ಕ. ನೀನು ಹೇಳಿದ ಮೇಲೆ ಅದಕ್ಕೆ ಇನ್ನೊಂದು ಮಾತಿಲ್ಲ."

ಒಳಗೆ ಹೋಗಿ ನೋಡೋಣ ಎಂದಳು. ಅದೊಂದು ಬೇಡ ಎಂದ. ಗೇಟು ಮುಟ್ಟಿದರೂ ಹೆದರಿಸಲು ಬಂದರು ಎಂದು ಆ ಮನುಷ್ಯ ಕೋರ್ಟಿನಲ್ಲಿ ಹೇಳುತ್ತಾನೆ, ವಕೀಲರು ಹತ್ತಿರ ಹೋಗಲೇಬೇಡಿ ಅಂದಿದ್ದಾರೆ. "ನಿನಗೇನು, ಹೊರಗಿಂದ ನೋಡಿದರೆ ಸಾಕಲ್ಲ" ಎಂದು ನಕ್ಕ. ಅವಳೂ ನಕ್ಕಳು.

ಮಾರನೆಯ ದಿನ ಇಬ್ಬರೂ ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಂತರು. ಮಾವ ಇದ್ದಾಗ ಹಾಲಿನ ಬಣ್ಣದಲ್ಲಿದ್ದ ಮನೆ ಗುರುತೇ ಸಿಗದಂತಾಗಿತ್ತು. ಪೈಪು ಕೊಕ್ಕೆ ಬಿಟ್ಟು ಜೋತಾಡುತ್ತಿತ್ತು, ಅದರ ಪಕ್ಕದ ಗೋಡೆಯಲ್ಲಿ ಆಳೆತ್ತರದ ಹಸಿರು ಪಾಚಿ. ಸಜ್ಜೆಯ ಒಂದು ಮೂಲೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಮೇಲಿನ ಕಿಟಕಿಯ ಮೂಲೆಯಿಂದ ಕೆಳಗಿನ ಬಾಗಿಲಿನವರೆಗೆ ಓರೆಯಾಗಿ ಇಳಿದಿತ್ತು ಒಂದು ಬಿರುಕು.

ಹದ್ದಮ್ಮನ ಕಣ್ಣು ಆ ಬಿರುಕಿನ ಮೇಲೆ ನಿಂತುಬಿಟ್ಟಿತು. ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿತ್ತು. ಎಲ್ಲೂ ಸಣ್ಣಗಾಗಿರಲಿಲ್ಲ, ಕೂದಲೆಳೆಯಾಗಿ ಮುಗಿದಿರಲಿಲ್ಲ. ಬಾಗಿಲ ಚೌಕಟ್ಟಿನ ಹತ್ತಿರ ಕತ್ತರಿಸಿದಂತೆ ನಿಂತಿತ್ತು. ಅಂಥ ಬಿರುಕನ್ನು ಅವಳು ಇಪ್ಪತ್ತೆರಡು ವರ್ಷಗಳಲ್ಲಿ ನೋಡಿರಲಿಲ್ಲ. ಹತ್ತಿರದಿಂದ ನೋಡಿಬರುತ್ತೇನೆಂದು ಒಂದು ಹೆಜ್ಜೆ ರಸ್ತೆಗಿಟ್ಟಳು. ತಮ್ಮ ಅವಳ ಮೊಣಕೈ ಹಿಡಿದ. ಮೇಲಿನ ಕಿಟಕಿಯಲ್ಲಿ ಬನಿಯನ್ ತೊಟ್ಟ ಒಬ್ಬ ಗಂಡಸು ನಿಂತು ಇವರನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದ. ನೋಡಿ, ಸರಕ್ಕನೆ ಪರದೆ ಎಳೆದುಕೊಂಡ.

"ಅವನೇ" ಎಂದ ತಮ್ಮ ಮೆಲ್ಲಗೆ.

ಅವಳು ಹೆಜ್ಜೆ ಹಿಂದಕ್ಕೆ ತೆಗೆದಳು. ಬಿರುಕನ್ನು ಹಿಂದೆ ಯಾವಾಗಲೋ ಮುಚ್ಚಿರಬೇಕು, ಮುಚ್ಚಿದ್ದು ಉದುರಿ ಹೀಗಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪಕ್ಕದಲ್ಲಿ ನಿಂತವನು ಬೇರೆ ಯಾರಾದರೂ ಆಗಿದ್ದರೆ ಆ ಸಮಾಧಾನ ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ.

ಮನೆಗೆ ಹೋಗಿ, ಬ್ಯಾಂಕಿಗೆ ಬರೆದಂತೆಯೇ ಕ್ರಮವಾಗಿ ವರದಿ ಬರೆದು, ಕಚೇರಿಯ ಮೊಹರು ಹಾಕಿಸಿದಳು. ಪಾಯದ ದೋಷ, ಬೆಲೆ ಅರ್ಧ. ಆರು ವರ್ಷ ಮಾವನನ್ನು ನೋಡಿಕೊಂಡವನು ಎಂದು ತನ್ನ ಪಾಲಿನಲ್ಲೂ ಇನ್ನಷ್ಟು ಬಿಟ್ಟುಕೊಟ್ಟಳು. ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದ ದಿನ ತಮ್ಮನ ಕಣ್ಣು ಒದ್ದೆಯಾಗಿತ್ತು.

ಒಂಬತ್ತು ತಿಂಗಳಾಯಿತು. ಕಚೇರಿಯಲ್ಲಿ ಜೂನಿಯರ್‌ಗಳು ಬರೆದ ವರದಿಗಳು ಕೊನೆಯ ರುಜುವಿಗೆ ಹದ್ದಮ್ಮನ ಮೇಜಿಗೆ ಬರುತ್ತಿದ್ದವು. ಅಂದು ಬಂದ ನಾಲ್ಕು ಫೈಲುಗಳಲ್ಲಿ ಮೂರನೆಯದನ್ನು ತೆಗೆದಾಗ ವಿಳಾಸ ಕಣ್ಣಿಗೆ ಬಿತ್ತು. ಮಾವನ ಮನೆ. ಯಾರೋ ಅದನ್ನು ಕೊಳ್ಳುತ್ತಿದ್ದರು, ಅವರ ಬ್ಯಾಂಕು ಬೆಲೆ ಕೇಳಿತ್ತು. ಈ ಸಲ ಒಳಗೂ ಹೊರಗೂ ತಪಾಸಣೆ ಆಗಿತ್ತು. ಮಾಡಿಬಂದ ಜೂನಿಯರ್ ಹುಡುಗಿ ಮೇಜಿನ ಪಕ್ಕದಲ್ಲೇ ನಿಂತು ಬಾಯಿತುಂಬ ಹೊಗಳುತ್ತಿದ್ದಳು. ಆ ಮನೆ ನೋಡಿದ ಮೇಲೆ ತನ್ನ ಮನೆಗೆ ಹೋಗಲು ಮನಸ್ಸೇ ಬರಲಿಲ್ಲವಂತೆ.

ಹದ್ದಮ್ಮ ಫೋಟೋಗಳನ್ನು ಒಂದೊಂದಾಗಿ ತಿರುವಿದಳು. ಕನ್ನಡಿಯಂತೆ ಹೊಳೆಯುವ ನೆಲ. ಹೊಸ ಮರದ ಮೆಟ್ಟಿಲು. ತೇವದ ಒಂದು ಚುಕ್ಕೆಯೂ ಇಲ್ಲದ ಗೋಡೆಗಳು. ಮೇಲಿನ ಕೋಣೆಯ ಕಿಟಕಿಯ ಮೂಲೆಯನ್ನು ಹುಡುಗಿ ಹತ್ತಿರದಿಂದ ತೆಗೆದಿದ್ದಳು, ಹದ್ದಮ್ಮನೇ ಹಾಗೆ ತೆಗೆಯಲು ಕಲಿಸಿದ್ದು. ಮೂಲೆ ನುಣ್ಣಗಿತ್ತು. ಹಿಂದೆ ಬಿರುಕು ಬಿಟ್ಟು ಮುಚ್ಚಿದ ಗೋಡೆ ಎಷ್ಟೇ ಬಣ್ಣ ಬಳಿದರೂ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಈ ಗೋಡೆ ಎಂದೂ ಬಿರಿದಿರಲಿಲ್ಲ.

ಹೊರಗೆ ಒಂದು ಬಿರುಕು ಇತ್ತಲ್ಲ ಎಂದು ಕೇಳಿದಳು.

ಹುಡುಗಿಗೆ ಯಾವ ಬಿರುಕೂ ಕಂಡಿರಲಿಲ್ಲ. ಆದರೆ ರಿಪೇರಿಯ ಬಿಲ್ಲುಗಳು ಫೈಲಿನಲ್ಲೇ ಇವೆ ಎಂದು ತೋರಿಸಿದಳು. ನೆಲ, ಮೆಟ್ಟಿಲು, ಅಡುಗೆಮನೆ, ಎಲ್ಲವೂ ಒಬ್ಬನೇ ಮೇಸ್ತ್ರಿಯ ಕೆಲಸ. ಹದ್ದಮ್ಮ ತಾರೀಖು ನೋಡಿದಳು. ನೆಲ ಹಾಸಿದ್ದು ಅವಳು ಎದುರಿನ ಫುಟ್‌ಪಾತಿನಲ್ಲಿ ನಿಂತ ದಿನಕ್ಕಿಂತ ಐದು ತಿಂಗಳು ಹಿಂದೆ. ಬಾಡಿಗೆದಾರ ಕೋರ್ಟು ಕಚೇರಿ ಎಂದು ಅಲೆಸುತ್ತಿದ್ದಾನೆಂದು ತಮ್ಮ ಹೇಳಿದ್ದ ಕಾಲದಲ್ಲಿ ಅಲ್ಲಿ ಬಾಡಿಗೆದಾರನೇ ಇರಲಿಲ್ಲ.

ಇಷ್ಟಾದರೂ ಅವಳ ಮನಸ್ಸು ಒಂದು ಸಣ್ಣ ಜಾಗ ಹುಡುಕುತ್ತಿತ್ತು, ಏನೋ ಹೆಚ್ಚುಕಮ್ಮಿಯಾಗಿರಬೇಕು ಎನ್ನಲು. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನು ಮಾಡಿ, ಮೇಸ್ತ್ರಿ ಕೆಲಸ ಮಾಡುತ್ತಿದ್ದ ಕಡೆಗೇ ಹೋದಳು. ಅರ್ಧ ಕಟ್ಟಿದ ಕಟ್ಟಡದ ಕೆಳಗೆ ಅವನು ಬುತ್ತಿ ಬಿಚ್ಚುತ್ತಿದ್ದ. ಬನಿಯನ್ ತೊಟ್ಟಿದ್ದ. ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತ.

"ಅವತ್ತು ರಸ್ತೇಲಿ ನಿಂತಿದ್ರಲ್ಲ, ಆ ಮೇಡಂ ಅಲ್ವಾ ನೀವು? ತೆರಿಗೆಯವರು?"

ತೆರಿಗೆಯವರು ಎಂದು ಯಾರು ಹೇಳಿದರು ಎಂದು ಕೇಳಿದಳು. ಮನೆ ಯಜಮಾನರೇ ಹೇಳಿದ್ದು ಎಂದ. ಮನೆ ತೆರಿಗೆ ಕಮ್ಮಿ ಮಾಡಿಸಿಕೊಳ್ಳಲು ಹೊರಗೆ ಸ್ವಲ್ಪ ಹಾಳು ಬಿದ್ದಂತೆ ಕಾಣಬೇಕು, ತೆರಿಗೆಯವರು ಬಂದಾಗ ಕಿಟಕಿಯಲ್ಲಿ ನಿಂತು ಒಂದು ಸಲ ಗುರಾಯಿಸು ಎಂದಿದ್ದರಂತೆ. ಪೈಪು ಬಿಚ್ಚಿದ್ದು, ಸಜ್ಜೆ ಒಡೆದದ್ದು ಇವನೇ. ಪಾಚಿಗೆಂದು ಎರಡು ತಿಂಗಳು ದಿನಾ ಗೋಡೆಗೆ ನೀರು ಬಿಟ್ಟಿದ್ದರು. ಇನ್ನು ಬಿರುಕು. ಅದನ್ನು ಹೇಳುವಾಗ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಬರೀ ಗಾರೆಯನ್ನು ಕೆತ್ತಿದ್ದು, ಒಳಗಿನ ಇಟ್ಟಿಗೆಗೆ ಏನೂ ಆಗಿರಲಿಲ್ಲ.

"ಅವರೇ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ರು ಮೇಡಂ. ಇಲ್ಲಿಂದ ಇಲ್ಲಿಗೆ, ಓರೆಯಾಗೇ ಬರಬೇಕು ಅಂತ. ಬಿರುಕು ಹೇಗಿರುತ್ತೆ ಅಂತ ಅವರಿಗೆ ಬಹಳ ಚೆನ್ನಾಗಿ ಗೊತ್ತು."

ಹದ್ದಮ್ಮ ಅಲ್ಲೇ ಇದ್ದ ಸಿಮೆಂಟಿನ ಚೀಲದ ಮೇಲೆ ಕೂತಳು. ಮೇಸ್ತ್ರಿ ಗಾಬರಿಯಾಗಿ ನೀರು ಕೊಟ್ಟ, ತಾನೇನಾದರೂ ತಪ್ಪು ಮಾಡಿದೆನಾ ಎಂದು ಕೇಳಿದ. ಇಲ್ಲಪ್ಪ ಎಂದಳು. ಸೀರೆಗೆ ಮೆತ್ತಿದ್ದ ಸಿಮೆಂಟು ಕೊಡವಿಕೊಳ್ಳುವುದೂ ನೆನಪಾಗದೆ ಹೊರಟಳು.

ತಮ್ಮನ ಅಂಗಡಿಯಲ್ಲಿ ಹಗಲಿನಲ್ಲೇ ನೂರಾರು ದೀಪ ಉರಿಯುತ್ತಿದ್ದವು. ಅಕ್ಕನ ಮುಖ ನೋಡಿದವನೇ ಅವನು ಗಿರಾಕಿಯನ್ನು ಕೆಲಸದವನಿಗೆ ಒಪ್ಪಿಸಿ ಹಿಂದಿನ ಗೋದಾಮಿಗೆ ನಡೆದ. ರಟ್ಟಿನ ಪೆಟ್ಟಿಗೆಗಳ ನಡುವೆ ಇಬ್ಬರೂ ನಿಂತರು. ಅವಳು ಕೂಗಾಡಲಿಲ್ಲ. ಬಿಲ್ಲಿನ ತಾರೀಖು ಹೇಳಿದಳು, ಮೇಸ್ತ್ರಿ ಹೇಳಿದ್ದನ್ನು ಹೇಳಿದಳು, ಕೊನೆಗೆ ಸೀಮೆಸುಣ್ಣದ ಮಾತನ್ನೂ ಹೇಳಿದಳು. ತಮ್ಮ ಇಲ್ಲ ಎನ್ನುತ್ತಾನೆಂದು ಕಾದಳು. ಅವನು ಇಲ್ಲ ಎನ್ನಲಿಲ್ಲ.

"ಆರು ವರ್ಷ ಅಕ್ಕ" ಎಂದ. "ಮಾವನ ಉಚ್ಚೆ ಬಟ್ಟೆ ಒಗೆದದ್ದು ನನ್ನ ಹೆಂಡತಿ. ನೀನು ವಾರಕ್ಕೊಂದು ಸಲ ಹಣ್ಣು ಹಿಡ್ಕೊಂಡು ಬರ್ತಿದ್ದೆ. ಅವರು ಮನೆ ಬರೆದಿಟ್ಟದ್ದು ಇಬ್ಬರಿಗೂ ಸಮ."

"ಅದನ್ನ ನನಗೆ ಹೇಳಬಹುದಿತ್ತಲ್ಲೋ."

"ಹೇಳಿದ್ದರೆ?"

"ಪೂರ್ತಿ ಮನೆ ಕೊಡ್ತಿದ್ದೆ. ಒಂದು ಮಾತು ಕೇಳಿದ್ದರೆ ಸಾಕಿತ್ತು."

ತಮ್ಮ ಪೆಟ್ಟಿಗೆಯೊಂದರ ಅಂಟುಪಟ್ಟಿಯನ್ನು ಉಗುರಿನಿಂದ ಕೀಳುತ್ತ ನಿಂತ. "ಗೊತ್ತು" ಎಂದ. "ಕೊಡ್ತಿದ್ದೆ. ಸಾಯೋವರೆಗೆ ನಾನು ಅದನ್ನ ನೆನಪಿಟ್ಕೊಂಡಿರಬೇಕಿತ್ತು. ಹುಟ್ಟಿದಾಗಿಂದ ನಿನ್ನ ಕೈಯಿಂದ ತಗೊಂಡು ಸಾಕಾಗಿದೆ ನನಗೆ."

ಮೋಸದ ಸಂಗತಿ ಬಿಲ್ಲು ನೋಡಿದಾಗಲೇ ಗೊತ್ತಾಗಿತ್ತು, ಅದನ್ನು ನುಂಗಿಕೊಂಡೇ ಇಲ್ಲಿಗೆ ಬಂದಿದ್ದಳು. ತಲೆ ಬಾಚಿ, ಬುತ್ತಿ ಕಟ್ಟಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸುತ್ತಿದ ವರ್ಷಗಳೆಲ್ಲ ಅವನ ಲೆಕ್ಕದಲ್ಲಿ ಹೊರೆಯಾಗಿ ಕೂತಿದ್ದವೆಂಬುದು ಮಾತ್ರ ಈಗ ಗೊತ್ತಾಯಿತು. ಬಾಗಿಲ ಬಳಿ ನಿಂತು, ಆ ದಿನ ನಿನ್ನ ಕಣ್ಣಲ್ಲಿ ನೀರು ಬಂತಲ್ಲ, ಅದನ್ನೂ ಹೀಗೇ ಮಾಡಿಸಿದ್ದಾ ಎಂದು ಕೇಳಬೇಕೆನ್ನಿಸಿತು. ಕೇಳದೆ ಬಂದಳು. ಏನು ಹೇಳಿದರೂ ನಂಬಲು ಆಗುತ್ತಿರಲಿಲ್ಲ.

ಎರಡು ದಿನ ರಜೆ ಹಾಕಿ ಮಲಗಿದಳು. ಗಂಡ, ಪೊಲೀಸಿಗೆ ಹೋಗೋಣ ಎಂದ, ವಕೀಲರೊಬ್ಬರನ್ನು ಕಂಡುಬಂದ. ಬೆಲೆ ಕಟ್ಟಿದವರು ಸ್ವತಃ ಅಕ್ಕ, ಅವರದೇ ರುಜು, ಅವರದೇ ಮೊಹರು, ಮೋಸ ಹೋದೆ ಎಂದು ಸಾಧಿಸುವುದು ಕಷ್ಟ ಎಂದು ಆ ವಕೀಲರು ಹೇಳಿದ್ದರು. ಗಂಡ ಇದನ್ನು ಹೇಳುವಾಗ ಅವಳು ಸೂರನ್ನೇ ನೋಡುತ್ತಿದ್ದಳು. ತಾನು ಹೇಳಿಕೊಟ್ಟ ಪಾಠವನ್ನು ಅವನು ಹೀಗೆ ಉಪಯೋಗಿಸಿದ ಎಂಬುದು ಒಂದು ನೋವು. ಅದಕ್ಕಿಂತ ದೊಡ್ಡದು, ಆ ಬಿರುಕು ಸುಳ್ಳೆಂದು ಅವಳ ಕಣ್ಣು ಅಂದೇ ಹೇಳಿತ್ತು. ತಮ್ಮನಿಗೋಸ್ಕರ ಅವಳು ತನ್ನ ಕಣ್ಣಿನ ಬಾಯಿ ಮುಚ್ಚಿಸಿದ್ದಳು.

ಮೂರನೆಯ ದಿನ ಕಚೇರಿಗೆ ಹೋಗಿ, ಫೈಲನ್ನು ಯಜಮಾನರ ಮೇಜಿನ ಮೇಲಿಟ್ಟಳು. ಜೊತೆಗೆ ಒಂದು ಪುಟದ ಪತ್ರ. ಈ ಮನೆಯನ್ನು ಮಾರುತ್ತಿರುವವನು ತನ್ನ ತಮ್ಮ, ಆದ್ದರಿಂದ ಈ ವರದಿಗೆ ತಾನು ರುಜು ಹಾಕುವಂತಿಲ್ಲ. ಒಂಬತ್ತು ತಿಂಗಳ ಹಿಂದೆ ಇದೇ ಮನೆಗೆ ತಾನು ಹೊರಗಿನಿಂದ ನೋಡಿ ಕಟ್ಟಿದ ಬೆಲೆ ತಪ್ಪು. ಬಿರುಕಿನ ಬಗ್ಗೆ ಅನುಮಾನ ಬಂದಿದ್ದರೂ ಅದನ್ನು ಬರೆಯಲಿಲ್ಲ. ಆ ವರದಿಯನ್ನು ವಾಪಸು ಪಡೆಯುತ್ತಿದ್ದೇನೆ.

ಯಜಮಾನರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಇದು ಹೊರಗೆ ಹೋದರೆ ಬ್ಯಾಂಕಿನವರು ನಿನ್ನ ಹಳೇ ವರದಿಗಳನ್ನೆಲ್ಲ ಕೆದಕ್ತಾರೆ. ಮನೆಯೊಳಗಿನ ಜಗಳ ಮನೆಯೊಳಗೇ ಇರಲಿ. ರುಜು ನಾನು ಹಾಕ್ತೀನಿ, ಈ ಕಾಗದ ಹರಿದುಹಾಕು."

"ಕೆದಕಲಿ ಸಾರ್" ಎಂದಳು. "ನನಗೂ ನೋಡಬೇಕಾಗಿದೆ."

ಬ್ಯಾಂಕಿನವರು ಕೆದಕಿದರು. ಹಿಂದಿನ ಒಂದು ವರ್ಷದಲ್ಲಿ ಅವಳು ಹೊರಗಿನಿಂದ ನೋಡಿ ಬರೆದ ಅರವತ್ತು ಚಿಲ್ಲರೆ ಮನೆಗಳಿಗೆ ಬೇರೆಯವರನ್ನು ಕಳಿಸಿದರು. ಅಷ್ಟು ದಿನವೂ ಅವಳಿಗೆ ಹೊಸ ಕೆಲಸ ಕೊಡಲಿಲ್ಲ. ಹದ್ದಿನ ಕಣ್ಣಿಗೆ ಪೊರೆ ಬಂದಿದೆ ಎಂದು ಯಾರೋ ಮೆಟ್ಟಿಲಲ್ಲಿ ನಗಾಡಿದ್ದು ಕೇಳಿಸಿತು. ಜೂನಿಯರ್ ಹುಡುಗಿ ಅವಳ ಮೇಜಿನ ಹತ್ತಿರ ಬರಲೂ ಹಿಂಜರಿಯುತ್ತಿದ್ದಳು. ಕೊನೆಗೆ ತೀರ್ಮಾನ ಬಂತು: ಎರಡು ಮನೆಗಳಲ್ಲಿ ಮಾತ್ರ ವ್ಯತ್ಯಾಸ ಮಿತಿ ಮೀರಿತ್ತು, ಅದರಲ್ಲಿ ಒಂದು ಮಾವನ ಮನೆ. ಕೆಲಸ ಉಳಿಯಿತು. ಕೊನೆಯ ರುಜು ಹಾಕುವ ಅಧಿಕಾರ ಹೋಯಿತು. ಅವಳು ಮತ್ತೆ ಸ್ಕೂಟರ್ ಹತ್ತಿ ಬಿಸಿಲಲ್ಲಿ ಬೀದಿ ಸುತ್ತತೊಡಗಿದಳು.

ಇತ್ತ ಆ ಪತ್ರ ನೋಡಿದ ಮೇಲೆ ಕೊಳ್ಳುವವರ ಬ್ಯಾಂಕು, ಹಕ್ಕು ಬಿಟ್ಟುಕೊಟ್ಟದ್ದರಲ್ಲೇ ತಕರಾರಿದೆ ಎಂದು ಹಿಂದೆ ಸರಿಯಿತು. ತಮ್ಮ ಫೋನು ಮಾಡಿ, ಈಗ ಹೊಟ್ಟೆ ತಣ್ಣಗಾಯಿತಾ ಎಂದು ಕೇಳಿದ. ಅವಳು ಇಲ್ಲ ಎಂದಳು. ಅದು ನಿಜವೇ ಆಗಿತ್ತು. ಆಮೇಲೆ ಐದು ತಿಂಗಳು ಮಾತಿಲ್ಲ ಕತೆಯಿಲ್ಲ. ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಂದಳು. ಹೊಸ್ತಿಲಲ್ಲೇ ನಿಂತು, ಅವರು ಹಳೇ ಪತ್ರ ರದ್ದು ಮಾಡಿಸಿ ಅರ್ಧ ಮನೆ ನಿಮ್ಮ ಹೆಸರಿಗೆ ವಾಪಸು ಮಾಡೋಕೆ ಒಪ್ಪಿದ್ದಾರೆ ಎಂದಳು. ಯಾರು ಒಪ್ಪಿಸಿದರು ಎಂದು ಹೇಳಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಹದ್ದಮ್ಮನೂ ಕೇಳಲಿಲ್ಲ. ಒಳಗೆ ಕರೆದು ಕೂರಿಸಿ, ಮಾವನ ಬಟ್ಟೆ ಒಗೆದ ಆರು ವರ್ಷಗಳ ಬಗ್ಗೆ ಮೊದಲ ಸಲ ಕೇಳಿದಳು. ತಮ್ಮನ ಹೆಂಡತಿ ಎರಡು ಗಂಟೆ ಹೊತ್ತು ಹೇಳಿದಳು.

ನೋಂದಣಿ ಕಚೇರಿಯಲ್ಲಿ ಅಂದು ಜನಜಂಗುಳಿ. ಅಕ್ಕ ತಮ್ಮ ಒಂದೇ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ತಮ್ಮನ ಕಿವಿಯ ಹತ್ತಿರ ಕೂದಲು ನರೆತದ್ದನ್ನು ಅವಳು ನೋಡಿದಳು. ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ ಇಬ್ಬರ ಗುರುತಿನ ಚೀಟಿಗಳನ್ನೂ ತೆಗೆದುಕೊಂಡ. ಪತ್ರದಲ್ಲಿ ಒಂದು ಖಾಲಿ ಜಾಗ ತುಂಬಬೇಕಿತ್ತು.

"ಇವರು ನಿಮಗೆ ಏನಾಗಬೇಕು?" ಎಂದು ಅವಳನ್ನು ಕೇಳಿದ.

ತಮ್ಮ ಅವಳ ಕಡೆ ತಿರುಗಿದ. ಸರದಿಯಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು.

"ತಮ್ಮ" ಎಂದಳು.

ಗುಮಾಸ್ತ ಬರೆದುಕೊಂಡು, ಎಲ್ಲಿ ರುಜು ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದಾಗ ತಮ್ಮ ಕಾರಿನ ಕೀಲಿ ಕೈಯಲ್ಲಿ ಹಿಡಿದು, ಮನೆಯವರೆಗೆ ಬಿಡಲಾ ಎಂದು ಕೇಳಿದ. ಬೇಡ, ಇನ್ನೂ ಎರಡು ಮನೆ ನೋಡುವುದಿದೆ ಎಂದು ಹೇಳಿ ಅವಳು ಸ್ಕೂಟರ್ ನಿಲ್ಲಿಸಿದ್ದ ಕಡೆಗೆ ನಡೆದಳು.